ಜೈಲಲ್ಲಿರೋರನ್ನ ನೋಡೋದು: ಕಾಗದದಿಂದ ವಿಡಿಯೊವರೆಗೆ

ನಮ್ಮ ಆಲೂರು, ಸಕಲೇಶಪುರದ ಕಡೆ ಮನೇಲಿ ಯಾರಾದ್ರೂ ಜೈಲಿಗೆ ಹೋದ್ರೆ ಆ ಮಾತನ್ನ ಬಾಯಿಬಿಟ್ಟು ಹೇಳೋರು ಕಮ್ಮಿ. ಗಂಡಸ್ರು ತಮಾಷೆಗೆ ‘ಕೃಷ್ಣ ಜನ್ಮಸ್ಥಾನ’ ಅಂತಾರೆ, ‘ಮಾವನ ಮನೆ’ ಅಂತಾರೆ. ಹೆಂಗಸ್ರು ನಾವು ‘ಬೆಂಗಳೂರಲ್ಲವ್ನೆ’ ಅಂದ್ಬುಟ್ಟು ರೊಟ್ಟಿ ಹೆಂಚಿನ ಕಡೆ ತಿರುಗ್ತೀವಿ. ನಾನೂ ಎರಡು ವರ್ಷ ಹಂಗೇ ಅಂದೆ. ನಿಮಗೆಲ್ಲ ಗೊತ್ತಿತ್ತು, ಆದ್ರೂ ಯಾರೂ ಕೆದಕಿ ಕೇಳ್ಲಿಲ್ಲ. ಅದನ್ನ ನಾನು ಮರೆಯಲ್ಲ. ನಮ್ಮ ಹುಡುಗ ಮಾಡಿದ್ದು ಸರಿಯಾ ತಪ್ಪಾ ಅಂತ ಇಲ್ಲಿ ಬರೀತಿಲ್ಲ, ಅದನ್ನ ಕೋರ್ಟು ನೋಡ್ಕೊಳ್ಳುತ್ತೆ. ಒಳಗಿರೋರನ್ನ ಹೊರಗಿನೋರು ನೋಡೋ ಪದ್ಧತಿ ಎಲ್ಲಿಂದ ಎಲ್ಲಿಗೆ ಬಂತು ಅನ್ನೋದಷ್ಟೇ ಇವತ್ತಿನ ಮಾತು.

ಹೋದ ಮಳೆಗಾಲದಲ್ಲಿ ಮೊದಲ್ನೇ ಸಲ ಅವನ ಜೊತೆ ವಿಡಿಯೊದಲ್ಲಿ ಮಾತಾಡೋಕೆ ಒಪ್ಪಿಗೆ ಸಿಕ್ತು. ಚಿಕ್ಕವ್ವ ಸೊಂಟ ಮುರ್ಕಂಡು ಮಂಚ ಹಿಡಿದಿದ್ರು, ಮಗನ ಮುಖ ನೋಡಿ ವರ್ಷದ ಮೇಲಾಗಿತ್ತು. ಒಂದು ಮೊಬೈಲಿನ ಮುಂದೆ ಎಂಟು ಜನ ಕೂತ್ವಿ. ಅವನು ಕಂಡಿದ್ದೇ ತಡ, ಎಲ್ರೂ ಒಟ್ಟಿಗೆ ಬಾಯಿ ತೆಗೆದ್ವಿ. ಅತ್ತೆ ಅಳು, ಭಾವನ ವಕೀಲರ ಫೀಸಿನ ಲೆಕ್ಕ, ಮಕ್ಕಳು ‘ಮಾಮಾ’ ಅಂತ ಕೂಗೋದು. ನಡುವೆ ಕರೆಂಟು ಬೇರೆ ಹೋಯ್ತು. ಚಿಕ್ಕವ್ವನ ಸರದಿ ಬರೋ ಹೊತ್ತಿಗೆ ಟೈಮೇ ಮುಗಿದಿತ್ತು. ‘ಉಂಡ್ಯೇನಪ್ಪ ಅಂತ ಕೇಳೋಕೂ ಆಗ್ಲಿಲ್ವಲ್ಲೇ’ ಅಂತ ಅವರು ಆ ರಾತ್ರಿಯೆಲ್ಲ ಅಂದ್ಕೊಂಡ್ರು.

ಅದಾದ್ಮೇಲೆ ನಾನು ಇದರ ಬಗ್ಗೆ ಓದೋಕೆ ಕೂತೆ.

ಬ್ರಿಟಿಷರು 1894ರಲ್ಲಿ ಕಾರಾಗೃಹ ಕಾಯ್ದೆ ಮಾಡಿದಾಗಲೇ, ಇನ್ನೂ ಶಿಕ್ಷೆ ಆಗದ ಕೈದಿಯನ್ನ ಅವನ ಕಡೆಯೋರು ತಕ್ಕ ಹೊತ್ತಲ್ಲಿ, ಕಟ್ಟುಪಾಡಿನೊಳಗೆ ಬಂದು ನೋಡಬಹುದು ಅಂತ ಬರೆದಿದ್ರು. ನೋಡೋಕೆ ಬಂದೋರ ಹೆಸರು ವಿಳಾಸ ಜೈಲರ್ ಕೇಳಬಹುದು, ಅನುಮಾನ ಬಂದ್ರೆ ಮೈ ತಪಾಸಣೆನೂ ಮಾಡಬಹುದು. ಆದ್ರೆ ಆ ತಪಾಸಣೆಯನ್ನ ಕೈದಿಯ ಎದುರಾಗ್ಲಿ, ನೋಡೋಕೆ ಬಂದ ಬೇರೆಯೋರ ಎದುರಾಗ್ಲಿ ಮಾಡಕೂಡದು ಅಂತಲೂ ಅದರಲ್ಲೇ ಇದೆ. ನಮ್ಮ ಸೀಮೆ ಆಗ ಮೈಸೂರು ಮಹಾರಾಜರದ್ದು. ಈಗ ನಮ್ಮ ರಾಜ್ಯದ ಜೈಲುಗಳಿಗಿರೋದು 1963ರ ಕಾಯ್ದೆ.

ಬರೆದಿಟ್ಟ ಮಾತ್ರಕ್ಕೆ ಎಲ್ಲ ಕಾಲದಲ್ಲೂ ಸಿಕ್ತು ಅಂತಲ್ಲ. 1975ರ ಜೂನಿನಲ್ಲಿ ತುರ್ತುಪರಿಸ್ಥಿತಿ ಬಂತು. ಬೆಂಗಳೂರಲ್ಲಿ ಈಗ ಫ್ರೀಡಂ ಪಾರ್ಕ್ ಆಗಿರೋ ಜಾಗವೇ ಆಗಿನ ಸೆಂಟ್ರಲ್ ಜೈಲು. ವಾಜಪೇಯಿ, ಅಡ್ವಾಣಿ ಅಲ್ಲಿದ್ರು, ನಮ್ಮ ಜಿಲ್ಲೆ ಹರದನಹಳ್ಳಿಯ ದೇವೇಗೌಡರೂ ಇದ್ರು. ಮಧು ದಂಡವತೆ ಅನ್ನೋ ಸಂಸದರು ಅದೇ ಜೈಲಲ್ಲಿ, ಅವರ ಹೆಂಡತಿ ಪ್ರಮೀಳಾ ಪುಣೆಯ ಯರವಾಡ ಜೈಲಲ್ಲಿ. ಗಂಡ ಹೆಂಡ್ತಿ ಇಬ್ರೂ ಒಳಗಿದ್ರೆ ಯಾರು ಯಾರನ್ನ ನೋಡೋಕೆ ಹೋಗೋದು? ಅವರು ಜೈಲಿಂದ ಜೈಲಿಗೆ ಸುಮಾರು 200 ಕಾಗದ ಬರ್ಕಂಡ್ರು. ‘ಸಂಸ್ಕಾರ’ ಸಿನಿಮಾದಲ್ಲಿ ಚಂದ್ರಿ ಪಾತ್ರ ಮಾಡಿದ್ದ ಸ್ನೇಹಲತಾ ರೆಡ್ಡಿಯವರೂ ಬೆಂಗಳೂರು ಜೈಲಲ್ಲಿದ್ರು. ಆಸ್ತಮಾ ಜಾಸ್ತಿಯಾಗಿ 1977ರ ಜನವರಿಯಲ್ಲಿ ಪೆರೋಲಿನ ಮೇಲೆ ಹೊರಗೆ ಬಂದ್ರು, ಕೆಲವೇ ದಿನಕ್ಕೆ, 20ನೇ ತಾರೀಕು, ತೀರ್ಕೊಂಡ್ರು. ಮನೆಯೋರ ಪಾಲಿಗೆ ಪೂರ್ತಿಯಾಗಿ ಸಿಕ್ಕಿದ್ದು ಆ ಕೆಲವೇ ದಿನ.

ಮನೆಯೋರನ್ನ ನೋಡೋದು ಹಕ್ಕು ಅಂತ ಸುಪ್ರೀಂ ಕೋರ್ಟು ಬಿಡಿಸಿ ಹೇಳಿದ್ದು 1981ರ ಜನವರಿಯಲ್ಲಿ. ಅದೂ ಒಬ್ಬ ತಾಯಿಯ ಕೇಸಲ್ಲಿ. ಫ್ರಾನ್ಸಿಸ್ ಕೊರಾಲಿ ಮುಲ್ಲಿನ್ ಅನ್ನೋ ಹೆಂಗಸು ದಿಲ್ಲಿಯ ತಿಹಾರ್ ಜೈಲಲ್ಲಿದ್ರು. ಹೊರಗೆ ಐದು ವರ್ಷದ ಮಗಳು, ಮಗೂನ ನೋಡ್ಕೊಳ್ತಿದ್ದೋಳು ಅವರ ಒಡಹುಟ್ಟಿದೋಳು. ತಿಂಗಳಿಗೆ ಒಂದೇ ಸಲ ಭೇಟಿ ಅಂತ ರೂಲ್ಸು. ಮನುಷ್ಯ ಬದುಕೋ ಹಕ್ಕು ಅಂದ್ರೆ ಬರೀ ಉಸಿರಾಡೋದಲ್ಲ, ಮನೆಯೋರನ್ನ ಕಾಣೋದೂ ಅದರಲ್ಲಿ ಸೇರಿದೆ ಅಂತ ಜಡ್ಜ್ ಭಗವತಿಯವರ ತೀರ್ಪು. ವಿಚಾರಣೆ ನಡೀತಿರೋ ಕೈದಿಗೆ ಅಲ್ಲಿ ವಾರಕ್ಕೆ ಎರಡು ಭೇಟಿ ಇದ್ವು, ಇವರಿಗೂ ಅಷ್ಟು ಕೊಡಿ ಅಂದ್ರು. ಆ ಮಗುವಿನ ವಯಸ್ಸು ಓದಿದಾಗ ನಂಗೆ ನಮ್ಮನೆ ಸಣ್ಣವಳ ನೆನಪಾಯ್ತು.

ಹಕ್ಕೇನೋ ಬಂತು, ದಾರಿ ಹತ್ತಿರ ಆಗ್ಲಿಲ್ಲ. ಸಕಲೇಶಪುರದಿಂದ ಬೆಂಗಳೂರು 220 ಕಿಲೋಮೀಟರಿನಷ್ಟು. ಬೆಳಗಿನ ಜಾವ ಬಸ್ಸು ಹತ್ತಬೇಕು, ಒಂದು ದಿನದ ಕೂಲಿ ಬಿಡಬೇಕು. ಅದಕ್ಕೇ ಒಬ್ರು ಹೋಗೋದು, ಮನೆಯೋರೆಲ್ಲ ಅವರ ಕೈಲಿ ಮಾತು ಕಳಿಸೋದು. ‘ಆಕಳು ಕರ ಹಾಕ್ತು ಅಂತ ಹೇಳು, ಕಾಳುಮೆಣಸು ಮಾರಿದ್ವಿ ಅಂತ ಹೇಳು.’ ಹೋದೋರಿಗೆ ಅರ್ಧ ಮರೆತೋಗಿರೋದು.

2020ರ ಮಾರ್ಚಲ್ಲಿ ಕೊರೋನ ಬಂದು ಆ ಒಬ್ಬರೂ ಹೋಗಂಗಿಲ್ಲ ಅಂತಾಯ್ತು, ಜೈಲಲ್ಲಿ ಭೇಟಿ ನಿಂತೋಯ್ತು. ಆಗ ವಿಡಿಯೊ ಭೇಟಿ ಎಲ್ಲ ಕಡೆ ಬಳಕೆಗೆ ಬಂತು. ಈಗ ಸರ್ಕಾರದ ‘ಇ-ಮುಲಾಖಾತ್’ ಅಂತ ಇದೆ. ನೋಡೋರ ಹೆಸರು, ಗುರುತಿನ ಚೀಟಿ ನಂಬರು, ಕೈದಿಯ ಹೆಸರು, ಏನು ಸಂಬಂಧ, ಯಾವ ದಿನ, ನೇರ ಭೇಟಿಯೋ ವಿಡಿಯೊನೋ, ಇಷ್ಟೂ ತುಂಬಿದ್ರೆ ಮೊಬೈಲಿಗೆ ಒಟಿಪಿ ಬರುತ್ತೆ. ಜೈಲಿನೋರು ಒಪ್ಪಿದ್ಮೇಲೆ ಹೊತ್ತು ಗೊತ್ತಾಗುತ್ತೆ. ಎಷ್ಟು ಜನ, ಎಷ್ಟು ಹೊತ್ತು ಅನ್ನೋದು ಆಯಾ ಜೈಲಿನೋರ ತೀರ್ಮಾನ.

ಎರಡನೇ ಸಲಕ್ಕೆ ನಾವು ಹಿಂದಿನ ದಿನವೇ ಚಿಕ್ಕವ್ವನ ಮಂಚದ ಸುತ್ತ ಕೂತು ಮಾತಾಡ್ಕೊಂಡ್ವಿ. ಹೆಸರು ಕೊಟ್ಟಿದ್ದ ನಾಲ್ಕೇ ಜನ ಕೂರೋದು. ಉಳಿದೋರು ತಲಾ ಒಂದೊಂದು ಮಾತು ಚೀಟೀಲಿ ಬರೆದು ಕೊಡೋದು, ಹಳೇ ಕಾಲದಲ್ಲಿ ಕಳಿಸ್ತಿದ್ದ ಹಂಗೇ. ಚಿಕ್ಕವ್ವ ಮೊದ್ಲು. ವಕೀಲರ ಮಾತು ಭಾವನದ್ದು, ಎರಡೇ ನಿಮಿಷ. ಮನೆ ಮುದಿ ನಾಯಿ ಸತ್ತಿದ್ದನ್ನ ಹೇಳೋದಾ ಬೇಡ್ವಾ ಅಂತ ಅರ್ಧ ಗಂಟೆ ಜಗಳ ಆಯ್ತು. ಹೇಳೋದು, ಆದ್ರೆ ಅವನೇ ಕೇಳಿದ್ರೆ ಅಂತ ತೀರ್ಮಾನ. ಕೊನೇ ನಿಮಿಷ ಅವನಿಗೆ ಬಿಡೋದು. ಎರಡು ಮೊಬೈಲ್ ಚಾರ್ಜ್ ಮಾಡಿ, ಸಿಗ್ನಲ್ ಸಿಗೋ ಕಿಟಕಿ ಪಕ್ಕಕ್ಕೆ ಮಂಚವನ್ನೇ ಎಳೆದ್ವಿ.

ಚಿಕ್ಕವ್ವ ಕೇಳಿದ್ರು, ‘ಉಂಡ್ಯೇನಪ್ಪ?’

‘ಮುದ್ದೆ ಉಂಡೆ ಕಣವ್ವ. ನೀನು?’

ಆಮೇಲೆ ಇಬ್ರೂ ಮಾತಾಡ್ಲಿಲ್ಲ, ಸುಮ್ನೆ ನೋಡ್ಕಂಡು ಕೂತ್ರು. ಇದು ನಮ್ಮ ಪಟ್ಟೀಲಿ ಇರ್ಲಿಲ್ಲ. ಭಾವ ಗಡಿಯಾರ ನೋಡಿದ್ರು, ಆದ್ರೂ ಬಾಯಿ ಬಿಡ್ಲಿಲ್ಲ. ವಕೀಲರ ಮಾತನ್ನ ಮುಂದಿನ ಸಲಕ್ಕೆ ಇಟ್ಕೊಂಡ್ವಿ. ನಾಯಿ ವಿಷಯ ಅವನು ಕೇಳ್ಲೇ ಇಲ್ಲ.

ಒಂದು ಮಾತು ಮಾತ್ರ ನೆನಪಿರ್ಲಿ. ಅಮೆರಿಕದ ಕೆಲವು ಕೌಂಟಿ ಜೈಲುಗಳಲ್ಲಿ ವಿಡಿಯೊ ಬಂದದ್ದೇ ನೆಪ ಮಾಡಿ ಎದುರಾಎದುರು ಭೇಟಿನೇ ನಿಲ್ಲಿಸಿಬಿಟ್ರಂತೆ. ಮೊಬೈಲಲ್ಲಿ ಕಂಡ ಅಂತ ನಾವಾಗೇ ಹೋಗೋದು ಬಿಡಬಾರದು. ಕಾಫಿ ಕುಯ್ಲು ಮುಗಿದ ಮೇಲೆ ನಾನೂ ಭಾವನೂ ಹೋಗ್ತಿದ್ದೀವಿ.

ನಿಮ್ಮಲ್ಲೂ ಯಾರ ಮನೇಲಾದ್ರೂ ‘ಬೆಂಗಳೂರಲ್ಲಿರೋರು’ ಇದ್ರೆ, ಮಧ್ಯಾಹ್ನ ಕೆಲಸ ಮುಗಿಸಿ ಹಿತ್ತಲ ಬಾಗಿಲಲ್ಲಿ ಬನ್ನಿ. ಫಾರಂ ನಾನು ತುಂಬಿಕೊಡ್ತೀನಿ, ಯಾರು ಏನು ಅಂತ ಕೇಳಲ್ಲ. ಗುರುತಿನ ಚೀಟಿ ಮರೀಬೇಡಿ.