ಸೆಲ್ಫ್, ಡೆಲ್ಕೊ, ಅರ್ಥ್: ಹಳೆ ಕಾರಿನ ಕರೆಂಟಿನ ಕಥೆ

ಹೋದ ಮಳೆಗಾಲದಲ್ಲಿ ನಮ್ಮ ಚಿಕ್ಕಪ್ಪ ಸೆಕೆಂಡ್‌ಹ್ಯಾಂಡ್ ಕಾರು ತಂದರು. ಇಪ್ಪತ್ತು ವರ್ಷ ಹಳೆಯದು. ಅಜ್ಜಿಯನ್ನು ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆ ಕರೆದೊಯ್ಯಬೇಕಿತ್ತು, ನಸುಕಿಗೆ ನಮ್ಮೂರಿಂದ ಬಸ್ಸಿಲ್ಲ. ತಂದ ಹದಿನೈದೇ ದಿನಕ್ಕೆ ಕಾರು ಕೈಕೊಟ್ಟಿತು. ಕೀ ತಿರುಗಿಸಿದರೆ ‘ಟಕ್’ ಅನ್ನುವ ಸದ್ದು, ಅಷ್ಟೇ.

ಹೊಸ ಬ್ಯಾಟರಿ ಹಾಕಿಸಿದರು. ಕೆಲವು ದಿನ ಓಡಿತು, ಮತ್ತೆ ‘ಟಕ್’. ಸೆಲ್ಫ್ ಮೋಟಾರ್ ಬಿಚ್ಚಿಸಿ ರಿಪೇರಿ ಮಾಡಿಸಿದರು. ಮತ್ತೆ ಅದೇ ಕಥೆ. ಒಂದು ಬೆಳಗ್ಗೆ ಅಜ್ಜಿಯನ್ನು ಹಾಲಿನ ಟೆಂಪೋದಲ್ಲಿ ಕೂರಿಸಿಕೊಂಡು ಹೋಗಬೇಕಾಯಿತು.

ಕೊನೆಗೆ ಪಕ್ಕದೂರಿನ ಹಿರಿಯ ಆಟೋ ಎಲೆಕ್ಟ್ರಿಷಿಯನ್ ಒಬ್ಬರು ಬಂದರು. ಇಂಜಿನ್‌ನಿಂದ ಬಾಡಿಗೆ ಬಿಗಿದಿದ್ದ ತಾಮ್ರದ ಹೆಣಿಗೆ ಪಟ್ಟಿಯನ್ನು ಬಿಚ್ಚಿದರು. ಅದರ ತುದಿಯಲ್ಲಿ ಹಸಿರು ಕಿಲುಬು, ಬೋಲ್ಟಿನ ಕೆಳಗೆ ತುಕ್ಕು. ಸ್ಯಾಂಡ್‌ಪೇಪರ್ ಹಾಕಿ ಉಜ್ಜಿ, ಬಿಗಿ ಮಾಡಿ ಕೀ ತಿರುಗಿಸಿದರು. ಇಂಜಿನ್ ಎದ್ದಿತು. “ಬ್ಯಾಟರಿದೂ ತಪ್ಪಿಲ್ಲ, ಸೆಲ್ಫಿಂದೂ ತಪ್ಪಿಲ್ಲ ಕಣಪ್ಪ. ಅರ್ಥ್ ಕೂತಿರಲಿಲ್ಲ” ಅಂದರು.

ಎರಡು ಸಾಮಾನಿಗೆ ದುಡ್ಡು ಸುರಿದ ಮೇಲೆ ಹತ್ತು ನಿಮಿಷದಲ್ಲಿ ಮುಗಿದ ಕೆಲಸ. ಹೀಗೇಕಾಯಿತು ಎಂದು ಹುಡುಕುತ್ತಾ ಹೋದರೆ, ಉತ್ತರ ನೂರು ವರ್ಷ ಹಿಂದಕ್ಕೆ ಹೋಗುತ್ತದೆ.

ಹ್ಯಾಂಡಲ್‌ನಿಂದ ಸೆಲ್ಫ್‌ಗೆ

ಪವರ್ ಟಿಲ್ಲರಿಗೆ ಹ್ಯಾಂಡಲ್ ಹೊಡೆದವರಿಗೆ ಗೊತ್ತು, ಇಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಏನಾಗುತ್ತದೆ ಎಂದು. ಮೊದಲ ಕಾಲದ ಕಾರುಗಳೆಲ್ಲ ಹಾಗೇ ಶುರುವಾಗುತ್ತಿದ್ದವು. ದೀಪಕ್ಕೆ ಸೀಮೆಎಣ್ಣೆ ಅಥವಾ ಕಾರ್ಬೈಡ್ ಗ್ಯಾಸ್. ಕರೆಂಟು ಬೇಕಿದ್ದುದು ಕಿಡಿ ಹಾರಿಸುವುದಕ್ಕೆ ಮಾತ್ರ. ಆ ಕಿಡಿಗಾಗಿ ಜರ್ಮನಿಯ ಬಾಷ್ ಕಂಪನಿ 1902ರಲ್ಲಿ ಹೈ ವೋಲ್ಟೇಜ್ ಮ್ಯಾಗ್ನೆಟೊ ಮತ್ತು ಸ್ಪಾರ್ಕ್ ಪ್ಲಗ್ ಜೋಡಿಯನ್ನು ತಂದಿತು.

ಹ್ಯಾಂಡಲ್ ತಪ್ಪಿಸಿದವರು ಅಮೆರಿಕದ ಚಾರ್ಲ್ಸ್ ಕೆಟರಿಂಗ್. ಅವರು ಮೊದಲು ಅಂಗಡಿಗಳ ಗಲ್ಲಾಪೆಟ್ಟಿಗೆ ಯಂತ್ರ ತಯಾರಿಸುವ ಕಂಪನಿಯಲ್ಲಿದ್ದರು. ಅಲ್ಲಿ ಕೈಯಿಂದ ತಿರುಗಿಸುವ ಹಿಡಿಯ ಬದಲು ಸಣ್ಣ ಮೋಟಾರ್ ಕೂರಿಸಿದ್ದರು. ಆ ಮೋಟಾರ್ ದಿನವಿಡೀ ಓಡಬೇಕಿರಲಿಲ್ಲ, ಒಂದು ಕ್ಷಣ ಜೋರಾಗಿ ಎಳೆದರೆ ಸಾಕಿತ್ತು. ಕಾರಿಗೂ ಬೇಕಾದದ್ದು ಅದೇ ಎಂದು ಅವರಿಗೆ ಹೊಳೆಯಿತು. 1912ರ ಮಾಡೆಲ್‌ನ ಕ್ಯಾಡಿಲಾಕ್ ಕಾರು ಅವರ ಸೆಲ್ಫ್ ಸ್ಟಾರ್ಟರ್ ಜೊತೆ ಮಾರಾಟಕ್ಕೆ ಬಂತು. ಬ್ಯಾಟರಿ, ಚಾರ್ಜಿಂಗ್, ಕಿಡಿ, ದೀಪ ಎಲ್ಲವೂ ಒಂದೇ ವ್ಯವಸ್ಥೆಯಲ್ಲಿ ಸೇರಿದವು.

ಡೇಟನ್ ಊರಿನಲ್ಲಿ 1909ರಲ್ಲಿ ಅವರು ಕಟ್ಟಿದ ಕಂಪನಿಯ ಹೆಸರು ಡೇಟನ್ ಇಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ. ಚಿಕ್ಕದಾಗಿ ಡೆಲ್ಕೊ. ಹಳೆ ಪೆಟ್ರೋಲ್ ಕಾರಿನ ಡಿಸ್ಟ್ರಿಬ್ಯೂಟರನ್ನು ನಮ್ಮ ಕಡೆಯ ಗ್ಯಾರೇಜುಗಳಲ್ಲಿ ಇವತ್ತಿಗೂ ‘ಡೆಲ್ಕೊ’ ಅನ್ನುತ್ತಾರೆ. ಅದು ಆ ಕಂಪನಿಯ ಹೆಸರೇ.

ಉಳಿಸಿದ ಒಂದು ವೈರು

ಮನೆಯ ಬಲ್ಬಿಗೆ ಎರಡು ವೈರು ಬೇಕು. ಕಾರಿನ ಬಲ್ಬಿಗೆ ಸಾಮಾನ್ಯವಾಗಿ ಒಂದೇ ವೈರು ಹೋಗಿರುತ್ತದೆ. ಕಾರಿನ ಮೈಯೇ ಕಬ್ಬಿಣವಾದ್ದರಿಂದ ಕರೆಂಟು ಅದರ ಮೂಲಕ ಬ್ಯಾಟರಿಗೆ ವಾಪಸ್ಸು ಬರಲಿ ಎಂದು ಕಾರು ಮಾಡುವವರು ಒಂದು ವೈರು ಉಳಿಸಿಕೊಂಡರು. ಇದನ್ನೇ ನಾವು ‘ಬಾಡಿ ಅರ್ಥ್’ ಅನ್ನುವುದು. ಮೈಯಲ್ಲಿ ತುಕ್ಕು ಹಿಡಿದರೆ ಹಿಂದಿರುಗುವ ದಾರಿ ಕಟ್ಟಿಹೋಗುತ್ತದೆ.

1930ರ ದಶಕದಲ್ಲಿ ಇದಕ್ಕೆ ಇನ್ನೊಂದು ತೊಡಕು ಸೇರಿಕೊಂಡಿತು. ನಡುಕ ಕಡಿಮೆಯಾಗಲಿ ಎಂದು ಇಂಜಿನನ್ನು ರಬ್ಬರ್ ಮೇಲೆ ಕೂರಿಸುವ ಪದ್ಧತಿ ಹರಡಿತು. ರಬ್ಬರಿನಲ್ಲಿ ಕರೆಂಟು ಹರಿಯದು. ಹಾಗಾಗಿ ಇಂಜಿನ್‌ಗೂ ಬಾಡಿಗೂ ನಡುವೆ ಒಂದು ಪಟ್ಟಿ ಅಥವಾ ದಪ್ಪ ಕೇಬಲ್ ಬೇಕೇ ಬೇಕಾಯಿತು. ಚಿಕ್ಕಪ್ಪನ ಕಾರಿನಲ್ಲಿ ಕಿಲುಬು ಹಿಡಿದಿದ್ದು ಇದಕ್ಕೇ.

ಸೆಲ್ಫ್ ಹೊಡೆಯುವಾಗ ಸಣ್ಣ ಕಾರೂ 100 ಆಂಪಿಯರ್ ಆಸುಪಾಸು ಎಳೆಯುತ್ತದೆ. ಆ ದಾರಿಯಲ್ಲಿ 0.05 ಓಮ್‌ನಷ್ಟು ಅಡ್ಡಿ ಇದ್ದರೂ 5 ವೋಲ್ಟ್ ಅಲ್ಲೇ ಸೋರಿಹೋಗುತ್ತದೆ. 12 ವೋಲ್ಟಿನ ಬ್ಯಾಟರಿಯಲ್ಲಿ 5 ಹೋದರೆ ಮೋಟಾರಿಗೆ ಏನು ಉಳಿಯಿತು? ಚಾರ್ಜ್ ಮಾಡುವ ಆಲ್ಟರ್ನೇಟರ್ ಕೂಡ ಇಂಜಿನ್ ಮೇಲೇ ಕೂತಿರುವುದರಿಂದ ಅದರ ಕರೆಂಟಿಗೂ ಇದೇ ದಾರಿ. ಹೊಸ ಬ್ಯಾಟರಿ ತನ್ನ ತಾಕತ್ತಿನಲ್ಲಿ ಕೆಲವು ದಿನ ತಳ್ಳಿತು, ಸರಿಯಾಗಿ ಚಾರ್ಜ್ ಆಗದೆ ಅದೂ ಸೋತಿತು. ಅರ್ಥ್ ಪೂರ್ತಿ ಬಿಟ್ಟರೆ ಕರೆಂಟು ಕ್ಲಚ್ ಕೇಬಲ್, ಆಕ್ಸಿಲರೇಟರ್ ಕೇಬಲ್ ಹಿಡಿದು ಹರಿಯುವುದೂ ಉಂಟು. ಸೆಲ್ಫ್ ಹೊಡೆದಾಗ ಆ ಕೇಬಲ್ ಬಿಸಿಯಾದರೆ ಅದೇ ಗುರುತು.

ಡೈನಮೋ ಹೋಯಿತು, ಹೆಸರು ಉಳಿಯಿತು

ನಮ್ಮ ದೇಶದಲ್ಲಿ ಸ್ವಾತಂತ್ರ್ಯದ ನಂತರ ಈ ಸಾಮಾನುಗಳ ಕಾರ್ಖಾನೆಗಳು ಬಂದವು. 1951ರಲ್ಲಿ ಬೆಂಗಳೂರಿನಲ್ಲಿ ಮೋಟಾರ್ ಇಂಡಸ್ಟ್ರೀಸ್ ಕಂಪನಿ ಶುರುವಾಯಿತು, ಅದೇ ನಮ್ಮ ‘ಮೈಕೊ’. ಸ್ಪಾರ್ಕ್ ಪ್ಲಗ್ಗಿಗೆ ಹೆಸರಾದ ಅದು 2008ರಲ್ಲಿ ಬಾಷ್ ಎಂದೇ ಹೆಸರು ಬದಲಿಸಿಕೊಂಡಿತು. 1961ರಲ್ಲಿ ಮದ್ರಾಸಿನಲ್ಲಿ ಲೂಕಾಸ್ ಟಿವಿಎಸ್ ಬಂತು.

ಆ ಕಾಲದ ಅಂಬಾಸಿಡರ್‌ಗೆ ಸೆಲ್ಫ್ ಇದ್ದರೂ ಹ್ಯಾಂಡಲ್ ಹೊಡೆಯಲು ಜಾಗ ಇತ್ತು. ಯಾಕೆಂದರೆ ಡೈನಮೋ ಇಂಜಿನ್ ನಿಧಾನಕ್ಕೆ ಓಡುವಾಗ ಹೆಚ್ಚೇನೂ ಕರೆಂಟು ಕೊಡುತ್ತಿರಲಿಲ್ಲ, ಬ್ಯಾಟರಿ ಸೋಲುವುದು ಮಾಮೂಲಿ. 1960ರ ಹೊತ್ತಿಗೆ ಸಿಲಿಕಾನ್ ಡಯೋಡ್ ಅಗ್ಗವಾದ ಮೇಲೆ ಅಮೆರಿಕದ ಕಾರುಗಳಲ್ಲಿ ಆಲ್ಟರ್ನೇಟರ್ ಬಂತು, ಬರಬರುತ್ತಾ ಇಲ್ಲಿಗೂ ಬಂತು. ನಾವು ಮಾತ್ರ ಅದನ್ನೂ ಡೈನಮೋ ಅಂತಲೇ ಕರೆದೆವು.

ಹೆಸರು ಉಳಿದರೆ ತೊಂದರೆಯಿಲ್ಲ. ಹಳೆ ಅಭ್ಯಾಸ ಉಳಿದದ್ದು ತೊಂದರೆ. ಇಂಜಿನ್ ಓಡುತ್ತಿರುವಾಗಲೇ ಬ್ಯಾಟರಿ ಟರ್ಮಿನಲ್ ಕಿತ್ತು, “ಗಾಡಿ ಆಫ್ ಆಗಲಿಲ್ಲ, ಡೈನಮೋ ಸರಿಯಿದೆ” ಎನ್ನುವ ಪರೀಕ್ಷೆ ಈಗಲೂ ನಡೆಯುತ್ತದೆ. ಡೈನಮೋ ಕಾಲದಲ್ಲಿ ಅದು ಹೇಗೋ ನಡೆಯುತ್ತಿತ್ತು. ಆಲ್ಟರ್ನೇಟರ್ ಇರುವ ಕಾರಿನಲ್ಲಿ ಹಾಗೆ ಮಾಡಿದರೆ ವೋಲ್ಟೇಜ್ ಒಮ್ಮೆಲೆ ಏರಿ ಡಯೋಡ್ ಸುಡಬಹುದು. 2000ದ ಹೊತ್ತಿಗೆ ಹೊಗೆ ನಿಯಮ ಬಿಗಿಯಾಗಿ ಪೆಟ್ರೋಲ್ ಕಾರುಗಳಲ್ಲಿ ಕಾರ್ಬೊರೇಟರ್ ಹೋಗಿ ಕಂಪ್ಯೂಟರ್, ಅಂದರೆ ಇಸಿಯು, ಬಂತು. ಅಂಥ ಕಾರಿನಲ್ಲಿ ಇಸಿಯುಗೂ ಪೆಟ್ಟು ಬೀಳಬಹುದು.

ಆದ್ದರಿಂದ ಹಳೆ ಕಾರಿಗೆ ಕೈಹಾಕುವ ಮೊದಲು ಅದು ಯಾವ ಕಾಲದ್ದು ಎಂದು ತಿಳಿಯಬೇಕು. ಅರ್ಥ್ ಮಾತ್ರ ಎಲ್ಲ ಕಾಲಕ್ಕೂ ಒಂದೇ.

ಹೊಸಬರು ಎಲ್ಲಿಂದ ಶುರು ಮಾಡಬೇಕು?

ಕೆಲವು ನೂರು ರೂಪಾಯಿಗೆ ಸಿಗುವ ಮಲ್ಟಿಮೀಟರ್ ಸಾಕು. ರಾತ್ರಿಯಿಡೀ ನಿಂತ ಕಾರಿನ ಒಳ್ಳೆ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಿಸಬೇಕು. ಇಂಜಿನ್ ಓಡುವಾಗ ಸುಮಾರು 14. ಎರಡೂ ಸರಿಯಿದ್ದರೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್‌ಗೆ, ಇನ್ನೊಂದು ಇಂಜಿನ್‌ನ ಬರಿ ಲೋಹಕ್ಕೆ ಇಡಿ. ಗೇರ್ ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ಬೇರೊಬ್ಬರಿಂದ ಸೆಲ್ಫ್ ಹೊಡೆಸಿ. ಅರ್ಧ ವೋಲ್ಟಿಗಿಂತ ಹೆಚ್ಚು ತೋರಿಸಿದರೆ ಅರ್ಥ್ ದಾರಿಯಲ್ಲೇ ಅಡ್ಡಿ ಇದೆ.

ಬಿಚ್ಚುವಾಗ ಮೊದಲು ಕೀ ತೆಗೆಯಿರಿ, ಆಮೇಲೆ ಬ್ಯಾಟರಿಯ ನೆಗೆಟಿವ್ ಬಿಚ್ಚಿ. ಜೋಡಿಸುವಾಗ ನೆಗೆಟಿವ್ ಕೊನೆಗೆ. ಉಂಗುರ, ಗಡಿಯಾರ ತೆಗೆದಿಡಿ. ಬ್ಯಾಟರಿ ಹತ್ತಿರ ಬೀಡಿ ಬೇಡ, ಚಾರ್ಜ್ ಆಗುವಾಗ ಹೊರಬರುವ ಹೈಡ್ರೋಜನ್ ಹೊತ್ತಿಕೊಳ್ಳುತ್ತದೆ. ಫ್ಯೂಸ್ ಸುಟ್ಟರೆ ಅದೇ ಆಂಪಿಯರಿನದ್ದೇ ಹಾಕಿ: ಕೆಂಪು 10, ನೀಲಿ 15, ಹಳದಿ 20. ಅದರ ಬದಲು ತಂತಿ ಸುತ್ತಿದರೆ ಸುಡುವುದು ಫ್ಯೂಸ್ ಅಲ್ಲ, ವೈರಿಂಗ್.

ಚಿಕ್ಕಪ್ಪ ಈಗ ಡ್ಯಾಶ್‌ಬೋರ್ಡಿನಲ್ಲಿ ಮೀಟರ್ ಜೊತೆ ಒಂದು ತುಂಡು ಸ್ಯಾಂಡ್‌ಪೇಪರ್ ಇಟ್ಟುಕೊಂಡಿದ್ದಾರೆ. ಡಯಾಲಿಸಿಸ್ ದಿನದ ಹಿಂದಿನ ರಾತ್ರಿ ಅವರು ತಪ್ಪದೆ ಬಾನೆಟ್ ಎತ್ತಿ, ಆ ಬೋಲ್ಟನ್ನು ಒಮ್ಮೆ ಕೈಯಲ್ಲಿ ಅಲುಗಾಡಿಸಿ ನೋಡುತ್ತಾರೆ.