ರ್‍ಯಾಂಡಮೈಜರ್‌ಗಳ ಮುಕ್ತ ಸೂಚಿ: ಕನ್ನಡ ಮನೆಗಳಿಗೊಂದು ಪರಿಚಯ

ಹಳೆಯ ವಿಡಿಯೊ ಗೇಮ್ ಒಂದರ ವಸ್ತುಗಳು, ಬಾಗಿಲುಗಳು, ಶತ್ರುಗಳು ಇವುಗಳ ಸ್ಥಾನವನ್ನು ಅದಲುಬದಲು ಮಾಡಿ ಪ್ರತಿ ಬಾರಿಯೂ ಹೊಸ ಆಟವಾಗಿಸುವ ತಂತ್ರಾಂಶಕ್ಕೆ ರ್‍ಯಾಂಡಮೈಜರ್ ಎಂದು ಹೆಸರು. ಚೌಕಾಬಾರದಲ್ಲಿ ಮನೆಗಳು ಎಂದಿಗೂ ಅವೇ; ಕವಡೆ ಬೀಳುವ ಬಗೆ ಮಾತ್ರ ಬೇರೆ. ರ್‍ಯಾಂಡಮೈಜರ್ ಮನೆಗಳನ್ನೇ ಕದಲಿಸುತ್ತದೆ.

ನಿಂಟೆಂಡೊ ಸಂಸ್ಥೆ 1991ರಲ್ಲಿ ಹೊರತಂದ ‘ಎ ಲಿಂಕ್ ಟು ದ ಪಾಸ್ಟ್’ ಇದಕ್ಕೆ ಪ್ರಸಿದ್ಧ ಉದಾಹರಣೆ. ಮೂಲದಲ್ಲಿ ಗೊತ್ತಾದ ಪೆಟ್ಟಿಗೆಯಲ್ಲಿ ದೊರೆಯುತ್ತಿದ್ದ ಬಿಲ್ಲು, ಸುತ್ತಿಗೆ ಮುಂತಾದವು ಇಲ್ಲಿ ಎಲ್ಲಿಯೋ ಅಡಗಿರುತ್ತವೆ. ಆದರೆ ಈ ಕಲಸುವಿಕೆ ಕುರುಡಲ್ಲ. ಒಂದು ಸ್ಥಳವನ್ನು ಹೊಗಲು ಬೇಕಾದ ಸುತ್ತಿಗೆ ಅದೇ ಸ್ಥಳದೊಳಗೆ ಸಿಕ್ಕಿಕೊಂಡರೆ ಆಟ ಮುಗಿಯದು. ಹಾಗಾಗದಂತೆ ತಂತ್ರಾಂಶವೇ ಮುಂಚಿತವಾಗಿ ಪರಿಶೀಲಿಸುತ್ತದೆ. ಪ್ರತಿ ಜೋಡಣೆಗೂ ‘ಸೀಡ್’ ಎಂಬ ಗುರುತು ಇರುತ್ತದೆ. ಉದಕಮಂಡಲದ ಮಗು ಗೂಡಲೂರಿನ ಗೆಳೆಯನಿಗೆ ಅದೇ ಸೀಡನ್ನೂ ಅದೇ ಆಯ್ಕೆಗಳನ್ನೂ ತಿಳಿಸಿದರೆ ಇಬ್ಬರಿಗೂ ಒಂದೇ ಆಟ. ತರ್ಕ ಕಲಿಸಲು ಇಷ್ಟು ಹಿತವಾದ ಪಾಠ ನಮ್ಮ ಪಠ್ಯಗಳಲ್ಲಿ ವಿರಳವೆಂದೇ ನಮ್ಮ ಅಭಿಪ್ರಾಯ.

ಇವುಗಳನ್ನು ರಚಿಸುವವರು ಬಹುಪಾಲು ಕಂಪನಿಗಳಲ್ಲ, ಅಭಿಮಾನಿಗಳು. ಚದುರಿಹೋದ ಆ ಕೆಲಸವನ್ನು ಒಂದೆಡೆ ತರುವುದೇ ಮುಕ್ತ ಸೂಚಿ. ಆಟದ ಹೆಸರು, ಅದು ನಡೆಯುವ ಯಂತ್ರ, ದೊರೆಯುವ ತಾಣ ಇಷ್ಟನ್ನು ಯಾರು ಬೇಕಾದರೂ ಸೂಚಿಸಬಹುದು. ನಿರ್ವಾಹಕರು ನೋಡಿ ಸೇರಿಸುತ್ತಾರೆ. ಒಬ್ಬರು ಕೈಬಿಟ್ಟರೆ ಇನ್ನೊಬ್ಬರು ಅದರ ಪ್ರತಿ ತೆಗೆದುಕೊಂಡು ಮುಂದುವರಿಸಲು ಪರವಾನಗಿಯೇ ಅನುಮತಿ ನೀಡುತ್ತದೆ.

ಪೋಷಕರಿಗೆ ಒಂದು ಎಚ್ಚರಿಕೆ. ರ್‍ಯಾಂಡಮೈಜರ್ ಮೂಲ ಆಟವನ್ನು ಒದಗಿಸುವುದಿಲ್ಲ, ಅದನ್ನು ಕೊಂಡಿರಬೇಕು. ಮೂಲ ಆಟವನ್ನೂ ಸೇರಿಸಿ ಉಚಿತವಾಗಿ ಕೊಡುತ್ತೇವೆನ್ನುವ ತಾಣಗಳಿಂದ ಮಕ್ಕಳು ದೂರವಿರಲಿ.

ಇಂತಹ ಸೂಚಿಗಳ ಭಾಷೆ ಬಹುಮಟ್ಟಿಗೆ ಇಂಗ್ಲಿಷ್. ಕನ್ನಡದಲ್ಲಿ ಆಟಗಳಲ್ಲದಿದ್ದರೂ ಪದಗಳ ಕ್ಷೇತ್ರದಲ್ಲಿ ಈ ಮಾರ್ಗ ಫಲ ಕೊಟ್ಟಿದೆ. ವಿ. ಕೃಷ್ಣ ಅವರು ಸುಮಾರು ನಾಲ್ಕು ದಶಕ ಒಬ್ಬರೇ ಕುಳಿತು ಸಂಕಲಿಸಿದ ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ 2019ರಲ್ಲಿ ಮುಕ್ತ ಪರವಾನಗಿಯಡಿ ಲೋಕಾರ್ಪಣೆಗೊಂಡಿತು. 1,50,000ಕ್ಕೂ ಹೆಚ್ಚು ಪದಗಳು, 2,40,000ಕ್ಕೂ ಹೆಚ್ಚು ಅರ್ಥಗಳು ಅದರಲ್ಲಿವೆ. ಅದನ್ನು ಜಾಲಕ್ಕೆ ತಂದ ಕೈಲಾಶ್ ನಾಧ್ ಅವರು ಅದಕ್ಕೆ ಮೊದಲೇ ಮಲಯಾಳಕ್ಕೆ ‘ಓಳಂ’ ನಿಘಂಟನ್ನು ರೂಪಿಸಿದ್ದವರು.

ನೀಲಗಿರಿಯ ನಮಗೆ ಇದು ದೂರದ ಸಂಗತಿಯಲ್ಲ. 2006ರ ತಮಿಳು ಕಲಿಕೆ ಕಾಯಿದೆಯ ನಂತರ ಶಾಲೆಯಲ್ಲಿ ತಮಿಳು ಕಡ್ಡಾಯ, ಮೊಬೈಲಿನಲ್ಲಿ ಇಂಗ್ಲಿಷ್, ಕನ್ನಡ ಮನೆಮಾತಾಗಿಯಷ್ಟೇ ಉಳಿಯುವ ಭಯವಿದೆ. ಮಸಿನಗುಡಿಯವರು ಕನ್ನಡ ಪುಸ್ತಕಕ್ಕೆಂದು ಗುಂಡ್ಲುಪೇಟೆಗೆ ಹೋದರೂ ಬಂಡೀಪುರದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ನಿರ್ಬಂಧ. (ಆನೆಗಳಿಗೂ ನಿದ್ದೆ ಬೇಕು, ತಕರಾರಿಲ್ಲ.)

ಕನ್ನಡ ಕಲಿಸುವ ಆಟಗಳ ಇಂತಹುದೇ ಸೂಚಿಯನ್ನು ಕುಟುಂಬಗಳೇ ಆರಂಭಿಸಬಹುದು. ಲಿಬ್ರೆ ಆಫೀಸಿನ ಕ್ಯಾಲ್ಕ್ ಹಾಳೆಯೊಂದು ಸಾಕು. ಅದೇ ಹಾಳೆಯಲ್ಲಿ ಪಾಠದ ಪದಗಳ ಪಕ್ಕದ ಕಂಬಕ್ಕೆ ‘ರ್‍ಯಾಂಡ್’ ಸೂತ್ರ ಬರೆದು, ಆ ಕಂಬದ ಪ್ರಕಾರ ವಿಂಗಡಿಸಿದರೆ ದಿನಕ್ಕೊಂದು ಹೊಸ ಉಕ್ತಲೇಖನವೂ ಸಿದ್ಧ. ಸೂಚಿಗೆ ಬೇಕಾದ ಕಂಬಗಳು: ಆಟದ ಹೆಸರು, ಮೊಬೈಲೋ ಕಂಪ್ಯೂಟರೋ, ಕನ್ನಡ ಲಿಪಿ ಇದೆಯೇ ಅಥವಾ ಧ್ವನಿ ಮಾತ್ರವೇ, ಬೆಲೆ, ಎಷ್ಟನೆಯ ತರಗತಿಗೆ ಒಗ್ಗುತ್ತದೆ, ಕೊನೆಯ ಬಾರಿ ತೆರೆದು ನೋಡಿದ ದಿನಾಂಕ. ಈ ಕೊನೆಯ ಕಂಬವನ್ನು ಬಿಡಬಾರದು. ಕೊಂಡಿಗಳು ಬೇಗ ಸಾಯುತ್ತವೆ.