ಕೊಣ್ಣೂರಿನ ತಾಟಿನಲ್ಲಿ ದ್ವೀಪಗಳು

ಅಕ್ಕನ ಬಾಣಂತನಕ್ಕೆಂದು ಕೊಣ್ಣೂರಿನ ಮನೆಯಲ್ಲಿ ಅವ್ವ ಕರದಂಟು ಮಾಡುತ್ತಿದ್ದಳು. ತುಪ್ಪಕ್ಕೆ ಬಿದ್ದ ಅಂಟಿನ ಹರಳುಗಳು ಅರಳಿನಂತೆ ಉಬ್ಬಿ ಮೇಲೆ ಬರುತ್ತಿದ್ದವು. ಉತ್ತತ್ತಿ ಹೆಚ್ಚಿ, ಒಣಕೊಬ್ಬರಿ ತುರಿದು, ಗಸಗಸೆ ಹುರಿದು ಇಟ್ಟಾಗಿತ್ತು. ನನ್ನ ಪಾಲಿಗೆ ಬಂದದ್ದು ಜಾಜಿಕಾಯಿ ತೇಯುವ ಕೆಲಸ.

"ಚೂರ ಸಾಕು. ಭಾಳ ಆದ್ರ ತಲಿ ತಿರಗತೈತಿ" ಅಂದಳು.

"ಇದು ಎಲ್ಲಿಂದ ಬರತೈತಿ ಯವ್ವಾ?"

"ಗೋಕಾಕ ಸಂತಿಯಿಂದ."

ಉತ್ತರ ತಪ್ಪಲ್ಲ. ಹಳಗನ್ನಡ ಮತ್ತು ನಡುಗನ್ನಡ ಗ್ರಂಥಗಳಲ್ಲಿ ಬರುವ ಆಹಾರದ ಪದಗಳನ್ನು ಕುರಿತು ಸಂಶೋಧನೆ ಮಾಡುತ್ತಿರುವ ನನಗೆ ಮಾತ್ರ ಅಷ್ಟಕ್ಕೆ ಬಿಡಲಾಗಲಿಲ್ಲ. ಗೋಕಾಕದ ಕರದಂಟು ನಮ್ಮ ಸೀಮೆಯ ಗುರುತು. ಊರಿಗೆ ಬಂದವರಿಗೆ ಜಲಪಾತ ತೋರಿಸಿ, ಕೈಗೊಂದು ಕರದಂಟಿನ ಡಬ್ಬಿ ಕೊಟ್ಟು ಕಳಿಸುತ್ತೇವೆ. ಆದರೆ ಅದೇ ಡಬ್ಬಿಯೊಳಗಿನ ಗೋಡಂಬಿ ಪೋರ್ಚುಗೀಸರ ಜೊತೆ ಬ್ರೆಜಿಲ್‌ನಿಂದ ಬಂದದ್ದು. ಬೆಲ್ಲ ಕೊಡುವ ಕಬ್ಬನ್ನು ಮೊದಲು ಬೇಸಾಯಕ್ಕೆ ಒಗ್ಗಿಸಿದವರು ನ್ಯೂಗಿನಿ ದ್ವೀಪದವರು. ಜಾಜಿಕಾಯಿಯ ತವರು ಇಂಡೋನೇಷ್ಯಾದ ಬಾಂಡಾ ಎಂಬ ಪುಟ್ಟ ದ್ವೀಪಗಳ ಗುಂಪು. ಇಂದು ಕೇರಳದ ತೋಟಗಳಲ್ಲೂ ಆ ಮರ ಬೆಳೆಯುತ್ತದೆ. ಆದರೆ 18ನೆಯ ಶತಮಾನದ ಕೊನೆಯವರೆಗೆ ಲೋಕದ ಜಾಜಿಕಾಯಿ ಹೆಚ್ಚುಕಡಿಮೆ ಪೂರ್ತಿಯಾಗಿ ಬಾಂಡಾದಿಂದಲೇ ಬರುತ್ತಿತ್ತು. ಸಂಸ್ಕೃತದ ಹಳೆಯ ವೈದ್ಯಗ್ರಂಥಗಳಲ್ಲಿ ಅದು 'ಜಾತೀಫಲ'. ಅಂದರೆ ಸಮುದ್ರದ ಆಚೆಯ ಆ ಕಾಯಿ ನಮ್ಮ ಮದ್ದಿನ ಚೀಲ ಸೇರಿ ಸಾವಿರ ವರ್ಷಗಳೇ ಕಳೆದಿವೆ.

ಸಿಹಿಯ ಕತೆ ಇದಾದರೆ ಖಾರದ ಕತೆ ಇನ್ನೂ ಸೋಜಿಗದ್ದು. ಕೊಣ್ಣೂರಿಗೆ ಬಂದವರು ತಪ್ಪದೆ ತಿನ್ನಬೇಕಾದದ್ದು ಖಡಕ್ ರೊಟ್ಟಿ ಮತ್ತು ರಂಜಕ. ಹಣ್ಣುಮೆಣಸಿನಕಾಯಿ, ಬೆಳ್ಳುಳ್ಳಿ, ಉಪ್ಪು ಸೇರಿಸಿ ರುಬ್ಬಿ ಲಿಂಬೆರಸ ಹಿಂಡಿದರೆ ರಂಜಕ. ಇದಿಲ್ಲದ ಉತ್ತರ ಕರ್ನಾಟಕವನ್ನು ನಾವು ಊಹಿಸಿಕೊಳ್ಳಲಾರೆವು. ಆದರೆ ಸವದತ್ತಿಯ ರಟ್ಟರು ಕಲ್ಯಾಣದ ಚಾಲುಕ್ಯರ ಸಾಮಂತರಾಗಿ ಈ ಸೀಮೆಯನ್ನು ಆಳುತ್ತಿದ್ದಾಗ ಇಲ್ಲಿ ಯಾರೂ ಮೆಣಸಿನಕಾಯಿಯನ್ನು ಕಂಡಿರಲಿಲ್ಲ. 1025ರ ಸುಮಾರಿಗೆ ಚಾವುಂಡರಾಯ ಬರೆದ 'ಲೋಕೋಪಕಾರ'ದಲ್ಲಿ ಅಡುಗೆಯ ಭಾಗವಿದೆ. 12ನೆಯ ಶತಮಾನದಲ್ಲಿ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿ ಬಂದ ಸಂಸ್ಕೃತದ 'ಮಾನಸೋಲ್ಲಾಸ' ಅರಮನೆಯ ಊಟವನ್ನು ಬಗೆಬಗೆಯಾಗಿ ಬಣ್ಣಿಸುತ್ತದೆ. 16ನೆಯ ಶತಮಾನದ ಆರಂಭದ ಮಂಗರಸನ 'ಸೂಪಶಾಸ್ತ್ರ' ಅಡುಗೆಗೇ ಮೀಸಲಾದ ಕನ್ನಡ ಕಾವ್ಯ. ಈ ಗ್ರಂಥಗಳ ಲೋಕದಲ್ಲಿ ಖಾರವೆಂದರೆ ಮೆಣಸು ಮತ್ತು ಶುಂಠಿ. ಪೋರ್ಚುಗೀಸರು ಗೋವೆಯನ್ನು ಹಿಡಿದದ್ದು 1510ರಲ್ಲಿ. ಮೆಣಸಿನಕಾಯಿ ಘಟ್ಟ ಹತ್ತಿದ್ದು ಅದರ ನಂತರ.

ಈ ಚರಿತ್ರೆಯನ್ನು ಅಡುಗೆಮನೆ ಮರೆತಿದೆ, ಭಾಷೆ ಮರೆತಿಲ್ಲ. 'ಮೆಣಸಿನಕಾಯಿ' ಎಂಬ ಪದವನ್ನೇ ಬಿಡಿಸಿ ನೋಡಿ. ಮೆಣಸಿನಂಥ ಖಾರವುಳ್ಳ ಹೊಸ ಕಾಯಿಗೆ ನಮ್ಮ ಹಿರಿಯರು ಪರಿಚಿತ ವಸ್ತುವಿನ ಹೆಸರನ್ನೇ ಅಂಟಿಸಿದರು. ಬಂದ ನೆಂಟ ಎಷ್ಟು ಬಲವಾಗಿ ನೆಲೆಯೂರಿದನೆಂದರೆ, ಮನೆಯೊಡೆಯನನ್ನೇ ಈಗ 'ಕರಿಮೆಣಸು', 'ಕಾಳುಮೆಣಸು' ಎಂದು ಗುರುತು ಹೇಳಿ ಕರೆಯಬೇಕಾಗಿದೆ. ಇದೇ ತಪ್ಪನ್ನು ನಮಗಿಂತ ಮುಂಚೆ ಸ್ಪೇನಿನವರೂ ಮಾಡಿದ್ದರು. ಅವರ ಭಾಷೆಯಲ್ಲಿ ಮೆಣಸು 'ಪಿಮಿಯೆಂತಾ', ಮೆಣಸಿನಕಾಯಿ 'ಪಿಮಿಯೆಂತೋ'. 1493ರ ಜನವರಿಯಲ್ಲಿ ಕೆರಿಬಿಯನ್ ಸಮುದ್ರದ ಹಿಸ್ಪಾನಿಯೋಲಾ ದ್ವೀಪದಲ್ಲಿದ್ದ ಕೊಲಂಬಸ್, ಇಲ್ಲಿಯವರ ಮೆಣಸು ನಮ್ಮ ಮೆಣಸಿಗಿಂತ ಮೇಲು ಎಂಬ ಅರ್ಥದ ಮಾತನ್ನು ದಿನಚರಿಯಲ್ಲಿ ಬರೆದುಕೊಂಡ. ಆ ದ್ವೀಪದ ತೈನೋ ಜನ ಅದನ್ನು 'ಅಹೀ' ಎನ್ನುತ್ತಿದ್ದರು.

ತೈನೋ ಜನರ ಊಟ ಕೇಳಿದರೆ ನಮ್ಮ ಕಡೆಯವರಿಗೆ ಅಚ್ಚರಿಯಾಗಬಹುದು. ಮರಗೆಣಸನ್ನು ತುರಿದು, ಅದರ ವಿಷದ ರಸವನ್ನು ಹಿಂಡಿ ತೆಗೆದು, ಹಿಟ್ಟನ್ನು ಮಣ್ಣಿನ ಹಂಚಿನ ಮೇಲೆ ದುಂಡಗೆ ಹರಡಿ ಬೇಯಿಸುತ್ತಿದ್ದರು. ಅದೇ ಕಸಾಬೆ. ಒಣಗಿದ ಮೇಲೆ ಮುರಿದರೆ ಸದ್ದಾಗುತ್ತದೆ, ತಿಂಗಳುಗಟ್ಟಲೆ ಕೆಡುವುದಿಲ್ಲ. ಅದಕ್ಕೆ ಮೆಣಸಿನಕಾಯಿಯ ಖಾರ ಜೊತೆ. ಕೈಗೆಟುಕಿದ ಬೆಳೆಯಿಂದ ಬಹುದಿನ ಬಾಳುವ ರೊಟ್ಟಿ, ಅದನ್ನು ನುಂಗಿಸಲು ಒಂದಿಷ್ಟು ಖಾರ: ಬಡವರ ಊಟದ ಜಾಣ್ಮೆ ಎರಡು ಕಡೆಯೂ ಒಂದೇ. ಹೈಟಿ, ಡೊಮಿನಿಕನ್ ಗಣರಾಜ್ಯ ಮತ್ತು ಕ್ಯೂಬಾದಲ್ಲಿ ಕಸಾಬೆಯನ್ನು ಇಂದಿಗೂ ಮಾಡುತ್ತಾರೆ. 2024ರಲ್ಲಿ ಯುನೆಸ್ಕೋ ಅದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ಕೆರಿಬಿಯನ್ ದ್ವೀಪಗಳಿಗೆ ಹೋಗುವವರು ಮೊದಲು ರುಚಿ ನೋಡಬೇಕಾದದ್ದು ಅದನ್ನೇ ಎಂದು ನನಗನಿಸುತ್ತದೆ.

ಮಾಡುವ ವಿದ್ಯೆ ಉಳಿಯಿತು, ಮಾಡುತ್ತಿದ್ದವರು ಉಳಿಯಲಿಲ್ಲ. ದುಡಿಮೆ, ಹಿಂಸೆ, ಸಿಡುಬುಗಳಿಗೆ ಸಿಕ್ಕಿ ಕೆಲವೇ ದಶಕಗಳಲ್ಲಿ ಹಿಸ್ಪಾನಿಯೋಲಾದ ತೈನೋ ಸಮಾಜ ನುಚ್ಚುನೂರಾಯಿತು. ಮೆಣಸಿನಕಾಯಿಯ ಸುದ್ದಿ ಬರೆದ ಅದೇ 1493ರಲ್ಲಿ, ಎರಡನೆಯ ಯಾನದಲ್ಲಿ, ಕೊಲಂಬಸ್ ಆ ದ್ವೀಪಕ್ಕೆ ಕಬ್ಬನ್ನು ಒಯ್ದ. ಮುಂದೆ ಕಬ್ಬಿನ ತೋಟಗಳಿಗಾಗಿ ಆಫ್ರಿಕಾದಿಂದ ಲಕ್ಷಾಂತರ ಜನರನ್ನು ಗುಲಾಮರನ್ನಾಗಿ ತಂದರು. ಘಟಪ್ರಭೆಯ ದಂಡೆಯ ಕಬ್ಬಿನ ಗದ್ದೆಗಳ ನಡುವೆ ಬೆಳೆದ ನನಗೆ, ಖಾರ ಹೊರಟ ದಾರಿಯೂ ಸಿಹಿ ಹೋದ ದಾರಿಯೂ ಒಂದೇ ದ್ವೀಪದಲ್ಲಿ, ಒಂದೇ ವರ್ಷದಲ್ಲಿ ಎದುರುಬದುರಾದವು ಎಂದು ತಿಳಿದಾಗ ಬಹಳ ಹೊತ್ತು ಓದು ಮುಂದೆ ಸಾಗಲಿಲ್ಲ.

ಜಾಜಿಕಾಯಿಯದೂ ಇಂಥದೇ ಕತೆ. ಅದರ ವ್ಯಾಪಾರ ತನ್ನೊಬ್ಬಳ ಕೈಯಲ್ಲೇ ಇರಬೇಕೆಂದು ಡಚ್ ಈಸ್ಟ್ ಇಂಡಿಯಾ ಕಂಪನಿ 1621ರಲ್ಲಿ ಯಾನ್ ಪೀಟರ್‌ಸೂನ್ ಕೂನ್ ಎಂಬವನ ನೇತೃತ್ವದಲ್ಲಿ ಬಾಂಡಾದ ಮೇಲೆ ದಂಡೆತ್ತಿ ಹೋಯಿತು. ಅಲ್ಲಿ ಸುಮಾರು 15,000 ಜನರಿದ್ದರು, ಕೊನೆಗೆ ಉಳಿದವರು ಸಾವಿರದಷ್ಟು ಎಂಬುದು ಅಂದಾಜು. ಬರಿದಾದ ದ್ವೀಪಗಳ ತೋಟಗಳಲ್ಲಿ ಗುಲಾಮರನ್ನು ದುಡಿಸಿದರು.

'ಶುದ್ಧ ದೇಸಿ ಊಟ' ಎಂಬ ಫಲಕಗಳನ್ನು ಹೆದ್ದಾರಿಯುದ್ದಕ್ಕೂ ನೋಡುತ್ತೇವೆ. ಅದನ್ನು ಆಡಿಕೊಳ್ಳುವುದು ನನ್ನ ಉದ್ದೇಶವಲ್ಲ. ರಂಜಕ ನಮ್ಮದೇ, ಕರದಂಟು ನಮ್ಮದೇ. ಎಲ್ಲಿಂದಲೋ ಬಂದ ಕಾಯಿ, ಬೀಜಗಳನ್ನು ಇಲ್ಲಿಯ ಹೆಂಗಸರು ತಲೆಮಾರುಗಟ್ಟಲೆ ರುಬ್ಬಿ, ಹುರಿದು, ಬಾಣಂತಿಯ ಬಾಯಿಗಿಟ್ಟು ನಮ್ಮದಾಗಿಸಿದ್ದಾರೆ. ಪರಂಪರೆ ಎಂದರೆ ಆ ದುಡಿಮೆ. ಆದರೆ ಅದನ್ನು ಆದಿಯಿಂದಲೂ ನಮ್ಮದೇ ಎಂದು ಹೇಳಿದ ಕ್ಷಣ, ಅದನ್ನು ಮೊದಲು ಬೆಳೆದವರೂ ಅದಕ್ಕಾಗಿ ಸತ್ತವರೂ ಎರಡನೆಯ ಸಲ ಅಳಿಸಿಹೋಗುತ್ತಾರೆ.

ಬಾಂಡಾದ ಕತೆಯನ್ನು ಅವ್ವನಿಗೆ ಹೇಳಿದೆ. ಬೆಲ್ಲದ ಪಾಕ ತಿರುವುತ್ತಲೇ ಕೇಳಿಸಿಕೊಂಡಳು.

"ಅಲ್ಲಿ ಮಂದಿ ಒಬ್ಬರೂ ಉಳೀಲಿಲ್ಲೇನು?"

ಕೆಲವರು ಉಳಿದರು. ದೋಣಿ ಹತ್ತಿ ತಪ್ಪಿಸಿಕೊಂಡವರಲ್ಲಿ ಒಂದಷ್ಟು ಮಂದಿ ಕೈ ದ್ವೀಪಗಳಲ್ಲಿ ನೆಲೆನಿಂತರು. ಬಾಂಡಾದ ಹಳೆಯ ಭಾಷೆ ಬಾಂಡಾದಲ್ಲಿ ಈಗ ಇಲ್ಲ. ಆದರೆ ಆ ವಲಸಿಗರ ವಂಶದವರು ಕೈ ದ್ವೀಪದ ತಮ್ಮ ಹಳ್ಳಿಗಳಲ್ಲಿ 400 ವರ್ಷಗಳಾದರೂ ಅದನ್ನು ಆಡುತ್ತಿದ್ದಾರೆ.

"ಛಲೋ ಆತು" ಎಂದ ಅವ್ವ, ತೇಯ್ದಿಟ್ಟ ಜಾಜಿಕಾಯಿಯನ್ನು ಪಾಕಕ್ಕೆ ಹಾಕಿದಳು.